ನನ್ನದೊಂದೇ ತಕರಾರು

ಗೋಡೆಗೆ ಅಂಟಿಸಿದ ಯಾವ ಪ್ರಕಟಣೆಯನ್ನೂ ಕೊನೆಯ ಸಹಿಯವರೆಗೆ ಓದದೆ ಮುಂದೆ ಹೋಗಲಾರದ ದೌರ್ಬಲ್ಯ ನನ್ನದು. ಓದದೆ ಬಿಟ್ಟ ಸಾಲಿನಲ್ಲಿಯೇ ನನ್ನ ಹೆಸರಿದ್ದುಬಿಟ್ಟರೆ ಎಂಬ ಭಯ. ಹೀಗೆಯೇ ಒಂದು ಸಂಜೆ ಹೈಸ್ಕೂಲಿನಲ್ಲಿ ಪಾಠ ಹೇಳಿ ಮರಳುವಾಗ ನಮ್ಮ ಅರಸೀಕೆರೆಯ ಪುರಸಭೆಯ ಗೋಡೆಯ ಮೇಲೆ ಓದಿದೆ: ರೈಲು ನಿಲ್ದಾಣದ ಹಿಂದಿನ ಬಯಲಿನಲ್ಲಿ ಉದ್ಯಾನ ನಿರ್ಮಿಸಲು ಉದ್ದೇಶಿಸಿದೆ, ತಕರಾರು ಉಳ್ಳವರು ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು.

ಬೇಲೂರು, ಹಳೇಬೀಡು ನೋಡಲೆಂದು ಇಲ್ಲಿ ರೈಲಿಳಿದವರು ಬಸ್ಸು ಬರುವವರೆಗೆ ತಮ್ಮ ಟ್ರಂಕುಗಳ ಮೇಲೆಯೇ ಕೂತು ಬೆವರುವುದನ್ನು ಕಂಡು, ಊರಿನ ಮಾನ ಹೋಯಿತೆಂದು ಕೊರಗಿದವನು ನಾನು. ಉದ್ಯಾನ ನನಗೆ ಪರಮಸಮ್ಮತ. ಆದರೆ ಸಮ್ಮತಿ ತಿಳಿಸಲು ಪ್ರಕಟಣೆಯಲ್ಲಿ ಅವಕಾಶವೇ ಇರಲಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆ ಎಂದು ಊರೆಲ್ಲ ಸುಮ್ಮನಿತ್ತು; ಸುಮ್ಮನಿರುವ ಯೋಗ ನನ್ನ ಜಾತಕದಲ್ಲಿಲ್ಲ.

ಪುರಸಭೆಯೊಳಗೆ ಹೋಗಿ ನಕ್ಷೆ ನೋಡಿದೆ. ದುಂಡು ಹೂಪಾತಿಗಳು, ಬಳಸು ದಾರಿಗಳು, ನಡುವೆ ಕಾರಂಜಿ. ನೋಡುತ್ತಿದ್ದಂತೆ ಸಿದ್ದಮ್ಮ ನೆನಪಾದಳು. ಆ ಬಯಲಿನಲ್ಲಿ ತೆಂಗಿನ ನಾರಿನ ಹಗ್ಗ ಹೊಸೆದು ಬದುಕುವವಳು. ಹಗ್ಗ ಎಷ್ಟುದ್ದವೋ ಅಷ್ಟುದ್ದದ ನೇರ ನೆಲ ಅವಳಿಗೆ ಬೇಕು. ಕಾರಂಜಿಯನ್ನು ಬಳಸಿಕೊಂಡು ಹಗ್ಗ ಹೊಸೆಯಲಾದೀತೆ, ನೀವೇ ಹೇಳಿ. ಮೂರು ಕರಡು ಹರಿದುಹಾಕಿ, ನಾಲ್ಕನೆಯದರಲ್ಲಿ ‘ಉದ್ಯಾನ ಅತ್ಯಗತ್ಯ, ಒಂದು ದಾರಿ ಮಾತ್ರ ಈ ತುದಿಯಿಂದ ಆ ತುದಿಗೆ ನೇರವಾಗಿರಲಿ’ ಎಂದು ಬರೆದುಕೊಟ್ಟೆ.

ವಿಚಾರಣೆಯ ದಿನ ಗುಮಾಸ್ತರು ಕಡತ ಬಿಚ್ಚಿದರೆ ಒಳಗಿದ್ದದ್ದು ಅದೊಂದೇ ಕಾಗದ.

“ಇಡೀ ಊರಿಗೆ ನಿಮ್ಮದೊಂದೇ ತಕರಾರು ಕಣ್ರೀ, ಮೇಷ್ಟ್ರೇ.”

ಇದು ತಕರಾರಲ್ಲ, ಸಂತೋಷ ಎಂದೆ. ಸಂತೋಷಕ್ಕೆ ಕಡತವಿಲ್ಲವಂತೆ. ವಾಪಸು ತೆಗೆದುಕೊಂಡರೆ ನಕ್ಷೆ ಇದ್ದಂತೆಯೇ ಮಂಜೂರು. ಇಲ್ಲವಾದರೆ ಕಡತ ಹಾಸನದ ಜಿಲ್ಲಾ ಕಚೇರಿಗೆ ಹೋಗಬೇಕು, ಯಾವ ಕಾಲಕ್ಕೆ ಮರಳುವುದೋ ಅವರೂ ಅರಿಯರು. ವಾಪಸು ಎನ್ನಲು ತೆರೆದ ಬಾಯಿ, ಸಿದ್ದಮ್ಮನ ನೇರ ನೆಲ ಕಣ್ಮುಂದೆ ಬಂದು, “ಇರಲಿ” ಎಂದುಬಿಟ್ಟಿತು. ಮೆಟ್ಟಿಲಿಳಿಯುವಷ್ಟರಲ್ಲಿ ನಾನು ಊರಿನ ಏಕಮಾತ್ರ ಉದ್ಯಾನವೈರಿಯಾಗಿದ್ದೆ.

ಮಾರನೆಯ ದಿನ, ಅವಳೊಬ್ಬಳಾದರೂ ಹರಸಿಯಾಳೆಂದು ಬಯಲಿಗೆ ಹೋದೆ. ಸಿದ್ದಮ್ಮ ತಲೆಯೆತ್ತಲಿಲ್ಲ.

“ಒಸಿ ನೆಳ್ಳು ಬತ್ತಿತ್ತು. ನೀವೇ ತಪ್ಪಿಸಿದ್ರಂತಲ್ಲ ಸ್ವಾಮಿ.”

ಗಾಬರಿಯಿಂದ ಪಾತಿ, ಕಾರಂಜಿಗಳನ್ನೆಲ್ಲ ವಿವರಿಸಿ, ಉದ್ಯಾನವಾದ ಮೇಲೆ ಹಗ್ಗ ಎಲ್ಲಿ ಹೊಸೆಯುತ್ತೀಯೆ ಎಂದು ಕೇಳಿದೆ.

“ಪಾರ್ಕ್‌ನಾಗೇ. ಎಲ್ರಿಗೂ ಅಂತ ತಾನೆ ಮಾಡಾದು?”

ಬೇಲಿ, ಕಾವಲುಗಾರ, ನಿಯಮಾವಳಿ ಎಂಬ ಉತ್ತರಗಳೆಲ್ಲ ನಾಲಿಗೆಯವರೆಗೆ ಬಂದು ನಾಚಿಕೊಂಡು ಹಿಂದಿರುಗಿದವು. ಸಾರ್ವಜನಿಕ ಎಂಬ ಪದವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ನಾನು ಅದರೊಳಗೆ ಅವಳನ್ನು ಒಮ್ಮೆಯೂ ಸೇರಿಸಿರಲಿಲ್ಲ. ಅವಳು ಯಾರನ್ನೂ ಕೇಳದೆ ಸೇರಿಕೊಂಡಿದ್ದಳು. ಅವಳ ನೆಲ ಉಳಿಸಿದೆನೋ, ನೆರಳು ಕಸಿದೆನೋ ಎಂಬುದು ಇನ್ನೂ ನನಗೆ ಇತ್ಯರ್ಥವಾಗಿಲ್ಲ.

“ಸುಮ್ಕೆ ನಿಂತಿದ್ದೀರಲ್ಲ, ಈ ತುದಿ ಹಿಡ್ಕಳಿ,” ಎಂದಳು.

ಹಿಡಿದುಕೊಂಡೆ. ಹೊಸೆಯುತ್ತ, ಹಿಂದೆ ಹಿಂದೆ ಸರಿಯುತ್ತ ಅವಳು ಬಯಲಿನ ಆ ಕೊನೆ ಮುಟ್ಟಿ, ಸಡಿಲ ಬಿಡಬೇಡಿ ಎಂದು ಅಲ್ಲಿಂದಲೇ ಹೇಳಿದಳು. ಬಿಡಲಿಲ್ಲ.