ನಾಯಿಮರಿಗೊಂದು ಖರೀದಿ ಪತ್ರ

ಮುಧೋಳದ ನಮ್ಮ ಮನೆಯಲ್ಲಿ ಬೇಟೆನಾಯಿ ಸಾಕುವುದು ಅಜ್ಜನ ಕಾಲದಿಂದ ಬಂದದ್ದು. ಮರಿ ಕೊಡುವಾಗ ಅಪ್ಪ ಕೊಳ್ಳುವವರ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದ: "ಸಾಕೂದು ಆಗಲಿಲ್ಲಂದ್ರ ಬೀದಿಗೆ ಬಿಡಬ್ಯಾಡ್ರಿ. ನಮ್ಮ ಬಾಗಲಿಗೇ ತಂದು ಬಿಡ್ರಿ." ಹಾಗೆ ತಿರುಗಿ ಬಂದ ಒಂದೆರಡು ನಾಯಿ ಯಾವಾಗಲೂ ಹಿತ್ತಲಲ್ಲಿ ಇರುತ್ತಿದ್ದವು. ಅವ್ವ ಗೊಣಗುತ್ತಲೇ ಅವಕ್ಕೂ ನುಚ್ಚು ಹಾಕುತ್ತಿದ್ದಳು.

ದೂರದವರೂ ಮರಿ ಕೇಳತೊಡಗಿದಾಗ ನಾನು ವೆಬ್‌ಸೈಟ್ ಮಾಡಿಸಿದೆ. ಮಾಡಿಕೊಟ್ಟ ಹುಡುಗ, "ಅಕ್ಕಾ, ಮಾರೂ ಷರತ್ತು ಹಾಕಾಕ ಪಾಲಿಸಿ ಅಂತ ಒಂದು ಪುಟ ಬೇಕ್ರಿ. ವಕೀಲರ ಕಡೆ ಬರಸ್ಕೊಂಡು ಬರ್ರಿ" ಎಂದ. ಜಮಖಂಡಿಯ ಬಸ್ ಹತ್ತಿದೆ. ಅಲ್ಲಿ ನಮಗೆ ಗುರುತಿದ್ದ ವಕೀಲರು ಜನ್ಮವಿಡೀ ಬರೆದದ್ದು ಹೊಲದ ಖರೀದಿ ಪತ್ರ. ನನಗೂ ಅದನ್ನೇ ಬರೆದರು: ಮಾರಿದ ಮೇಲೆ ಮಾರಿದವರಿಗಾಗಲಿ ಅವರ ವಾರಸುದಾರರಿಗಾಗಲಿ ಸದರಿ ಮರಿಯ ಮೇಲೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ, ವಾಪಸ್ ಪಡೆಯಲಾಗುವುದಿಲ್ಲ. ಮರಿಯ ನಾಲ್ಕೂ ದಿಕ್ಕಿನ ಚತುಸ್ಸೀಮೆ ಒಂದು ಬರೆಯಲಿಲ್ಲ, ಪುಣ್ಯ!

"ಸರ, ನಮ್ಮ ಅಪ್ಪ ಹೇಳೂ ಮಾತು ಒಂದು ಹಾಕ್ರಿ" ಎಂದು ಅದನ್ನು ಹೇಳಿದೆ.

"ಅದು ಹಾಕಿದ್ರ ಮುಂದ ನಿನಗ ತ್ರಾಸ, ತಂಗಿ. ಕುಂಟಿದ್ದು, ಕಚ್ಚಿದ್ದು ಎಲ್ಲಾ ನಿನ್ನ ತಲಿಗೇ ಬರತಾವು. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರಲ್ಲ, ಹಂಗ ತಿಳಕೋ."

ಮೈಯೆಲ್ಲ ಉರಿಯಿತು. ಗಂಡನ ಮನೆಯಲ್ಲಿ ಬಾಳಲಾಗದೆ ತಿರುಗಿ ಬಂದವಳು ನಾನು. ಅವರಿಗೂ ಅದು ಗೊತ್ತಿತ್ತು. ಆದರೂ ಸಿಟ್ಟು ನುಂಗಿದೆ. ಕಾಯ್ದೆ ಬಲ್ಲವರು, ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ ಅಂದುಕೊಂಡು, ಅವರು ಬರೆದದ್ದನ್ನೇ ವೆಬ್‌ಸೈಟಿಗೆ ಹಾಕಿಸಿದೆ.

ಆಮೇಲೆ ಬೆಂಗಳೂರಿನವರೊಬ್ಬರು ಒಂದು ಬಿಳಿ ಹೆಣ್ಣು ಮರಿ ಕೊಂಡರು. ತಾವು ಬರಲಿಲ್ಲ, ಗಾಡಿ ಕಳಿಸಿದರು. ಡ್ರೈವರನ ಕೈ ಹಿಡಿದು ಅಪ್ಪ ಏನು ಹೇಳಿಯಾನು?

ಕೆಲವು ತಿಂಗಳ ಮೇಲೆ ಮರಿ ಹೇಗಿದೆ ಎಂದು ಕೇಳಲು ನಾನೇ ಫೋನ್ ಮಾಡಿದೆ.

"ಅದು ಫ್ಲ್ಯಾಟಲ್ಲಿ ನಿಲ್ತಿರ್ಲಿಲ್ಲ ಮೇಡಂ. ಹೈವೇ ಪಕ್ಕ ಬಿಟ್ಟುಬಂದ್ವಿ."

"ನಮಗೊಂದು ಮಾತು ಹೇಳಬಾರದಿತ್ತೇನ್ರೀ!" ಎಂದು ಚೀರಿದೆ.

"ಹೇಳೋಣ ಅಂತಾನೇ ಇದ್ವಿ. ವೆಬ್‌ಸೈಟ್ ನೋಡಿದ್ರೆ, ವಾಪಸ್ ತಗೊಳ್ಳಲ್ಲ ಅಂತ ನೀವೇ ಹಾಕಿದೀರಲ್ಲ?"

ಅಪ್ಪ ಮತ್ತು ನಾನು ಅಂದೇ ಹೊರಟೆವು. ಅವರು ಹೇಳಿದ ರಸ್ತೆಯ ಉದ್ದಕ್ಕೂ, ಢಾಬಾಗಳ ಹಿಂದೆ, ಕಸದ ಗುಡ್ಡೆಗಳ ಹತ್ತಿರ ಹುಡುಕಿದೆವು. ಕೂಗಿ ಕೂಗಿ ಅಪ್ಪನ ಗಂಟಲು ಕಟ್ಟಿತು. ಮರಿ ಸಿಗಲಿಲ್ಲ. ಬರುವಾಗ ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಪುಟ ತೆಗೆಸಿದೆ. ವಕೀಲರ ಹತ್ತಿರವೂ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಪೂರಾ ಕೇಳಿ ಸಮಾಧಾನ ಮಾಡಿದರು: "ನೀ ಯಾಕ ಅಂಜತಿ? ನಾ ಗಟ್ಟಿ ಬರದೇನಿ. ನಿನಗೇನೂ ಆಗೂದಿಲ್ಲ."

"ಖರೆ ಐತ್ರಿ ಸರ," ಎಂದೆ. "ಬೀದಿಗೆ ಬಿದ್ದಾಕಿ ನಾ ಅಲ್ಲಲ್ಲ."