ಹುಳ ಹಣ್ಣಾದ ದಿನ ಕರೆದ ಸಭೆ

ನಮ್ಮೂರ ಚೇರ್ಮನ್ನನ ಸೊಂಟದ ಸುತ್ತ ಹಗ್ಗ ಕೊಯ್ದ ಗುರುತಿತ್ತು, ಬೆರಳಗಲ, ಕರ್ರಗೆ. ಅದು ನನ್ನ ಗಂಡನಿಂದಾದದ್ದು. ಬಾವಿಗಿಳಿಸಿದ್ದ ಡೀಸೆಲ್ ಇಂಜಿನ್ನಿನ ಹೊಗೆ ಕುಡಿದು ನನ್ನ ಗಂಡ ತಳದಲ್ಲಿ ಜ್ಞಾನ ತಪ್ಪಿ ಬಿದ್ದಿದ್ದ. ಮೇಲೆ ನಿಂತವರೆಲ್ಲ ಬಾಯಿ ಬಡಿದುಕೊಂಡರು. ಒದ್ದೆ ಟವೆಲ್ ಮೂತಿಗೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ನನ್ನ ಗಂಡನನ್ನು ಹೊತ್ತು ತಂದವನು ಇವನೊಬ್ಬನೇ. ಆಗಿನ್ನೂ ಅವನು ಚೇರ್ಮನ್ ಅಲ್ಲ. ಮುಂದೆ ಓಟು ಕೇಳಲು ಬಂದಾಗಲೂ ಆ ಮಾತೆತ್ತಲಿಲ್ಲ. ಅದಕ್ಕೇ ಹಾಕಿದೆವು.

ನಮ್ಮೂರಿನ ಎಲ್ಲ ಮನೆಗೂ ರೇಷ್ಮೆ ಮರಿಹುಳ ಬರುವುದು ಒಂದೇ ಕಡೆಯಿಂದ. ಅವು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವುದೂ ಒಂದೇ ದಿನ. ಹಣ್ಣಾದ ಹುಳವನ್ನು ಅವತ್ತೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಗೂಡಿಲ್ಲ. ಅವತ್ತು ಊರಲ್ಲಿ ಹೆಣ ಬಿದ್ದರೂ ಜನ ಹೊಸಿಲು ದಾಟುವುದು ಕಷ್ಟ.

ಕಾರ್ಖಾನೆಯವರು ಮೈಸೂರು ರಸ್ತೆ ಬಿಟ್ಟು ನಮ್ಮ ಕೂಟಗಲ್ ಕಡೆಗೂ ಜಾಗ ಹುಡುಕುತ್ತಿದ್ದ ಕಾಲ. ಜಮೀನು ಕೊಡುವುದೋ ಬೇಡವೋ ಎಂದು ಕೇಳುವ ಗ್ರಾಮಸಭೆಯನ್ನು ಚೇರ್ಮನ್ ಅದೇ ದಿನ ಕರೆದ. ಹೋದವರು ಹುಳ ಸಾಕದ ಏಳೆಂಟು ಜನ. ಊರಿನವರ ತಕರಾರಿಲ್ಲ ಎಂದು ಸಭೆಯ ಪುಸ್ತಕದಲ್ಲಿ ಬರೆದುಕೊಂಡರು. ನಮ್ಮ ಎರಡೆಕರೆ ಹಿಪ್ಪುನೇರಳೆ ತೋಟಕ್ಕೆ ಕಾರ್ಖಾನೆ ಬೇಲಿ ಬಿತ್ತು.

ಅವನ ಮನೆಗೇ ಹೋಗಿ ಕೇಳಿದೆ.

"ಅವತ್ತು ಹುಳ ಹಣ್ಣಾಯ್ತವೆ ಅಂತ ನಿಂಗೊತ್ತಿರ್ನಿಲ್ವೇನ್ಲಾ?"

"ಗೊತ್ತಿತ್ತು ಕಣಕ್ಕಾ."

"ಮತ್ಯಾಕ್ ಕರ್ದೆ?"

"ನೀವೆಲ್ಲಾ ಬಂದಿದ್ರೆ ಬ್ಯಾಡ ಅಂತಿದ್ರಿ. ಹುಡುಗ್ರಿಗೆ ಕೆಲ್ಸ ಕೊಡ್ತೀವಿ ಅಂದವ್ರೆ."

"ಹೊರಗಿನೋನ್ಗೆ ಈ ದಿನ ತಿಳೀತಿರ್ನಿಲ್ಲ. ನಮ್ಮೂರೋನಾಗಿ ನಮ್ ಕತ್ತು ಕುಯ್ದಲ್ಲೋ!"

"ಒಸಿ ಕಾಪಿ ಕುಡ್ದು ಹೋಗಕ್ಕಾ" ಅಂದ. ನಾನು ಕುಡಿಯಲಿಲ್ಲ.

ಮನೆಯಲ್ಲಿ ಗಂಡ ನನಗೇ ರೇಗಿದ. "ಅವ್ನ ಮ್ಯಾಲೆ ಮಾತಾಡ್ಬ್ಯಾಡ ಕಣೇ. ನಾನು ಬಿಡೋ ಉಸ್ರು ಅವ್ನು ಕೊಟ್ಟಿದ್ದು."

"ಉಸ್ರು ಅವ್ನು ಕೊಟ್ಟಿದ್ದು. ತ್ವಾಟ ನಿಮ್ಮವ್ವ ನೆಟ್ಟಿದ್ದು" ಅಂದೆ.

ಕೊನೆಗೆ ನಮ್ಮೂರ ಇಬ್ಬರಿಗೆ ಗೇಟು ಕಾಯುವ ಕೆಲಸ ಸಿಕ್ಕಿತು. ಅಷ್ಟೇ.

ಚೇರ್ಮನ್ ಎದೆನೋವಿನಿಂದ ಸತ್ತ. ಹಾರ ಹಾಕಲು ಬಂದವರೆಲ್ಲ ಬಾವಿಯ ಕತೆ ಹೇಳಿದರು. ಸಭೆಯ ಕತೆ ಯಾರೂ ಹೇಳಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎರಡೂ ಗೊತ್ತಿದ್ದವಳು ಎರಡನ್ನೂ ಬರೆಯಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೂರನೇ ದಿನ ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡಲು ಊರೆಲ್ಲ ಹೋಯಿತು. ನಾನೂ ಹೋದೆ. ಗಂಡನನ್ನು ಉಳಿಸಿಕೊಟ್ಟದ್ದಕ್ಕೆ ಹಾಲು ಬಿಟ್ಟೆ. ತುಪ್ಪದ ಬಟ್ಟಲನ್ನು ಹಾಗೇ ಮನೆಗೆ ವಾಪಸ್ ತಂದೆ.