ಇಳಕಲ್ಲಿಗೆ ಒಯ್ದ ಒಂದೆಳೆ ಅರಿವೆ

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹಿಡಿದಾಗ ನನ್ನ ಮೂರು ವರ್ಷದ ಸಂಶೋಧನೆ ಚೀಲದ ಪುಟ್ಟ ಡಬ್ಬಿಯೊಂದರಲ್ಲಿತ್ತು. ಪೆನ್ಸಿಲ್ ಕಡ್ಡಿಯಲ್ಲಿರುವಂಥ ಇಂಗಾಲವನ್ನು ಅಂಟುಪಟ್ಟಿಯಿಂದ ಸುಲಿಯುತ್ತ ಹೋಗಿ, ಕೊನೆಗೊಮ್ಮೆ ಒಂದೇ ಪರಮಾಣುವಿನಷ್ಟು ದಪ್ಪದ ಪದರವನ್ನು ಉಗುರಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸಿದ್ದೆ. ಅದರ ಮೇಲೆ ಬಿದ್ದ ಬೆಳಕು ಏನಾಗುತ್ತದೆಂದು ಅಳೆಯುವ ಯಂತ್ರ ಹೈದರಾಬಾದಿನಲ್ಲಿತ್ತು. ಅಲ್ಲಿ ನನಗೆ ಸಿಕ್ಕಿದ್ದು ಒಂದೇ ದಿನದ ಸರದಿ. ತಿಂಗಳ ಕೊನೆಗೆ ಫೆಲೋಶಿಪ್ ಮುಗಿಯುತ್ತಿತ್ತು. ಅಳತೆ ಸಿಗದಿದ್ದರೆ ನನ್ನ ವಿಜ್ಞಾನವೂ ಅಲ್ಲಿಗೇ ಮುಗಿದಂತೆ.

ಕಮತಗಿಯಲ್ಲಿ ಟೈರು ಬದಲಿಸಲು ಬಸ್ಸು ಮುಕ್ಕಾಲು ಗಂಟೆ ನಿಂತಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಹುನಗುಂದದಲ್ಲಿ ಮಿರ್ಚಿ ತಿಂದು ಚಹಾ ಕುಡಿದು, ಅಲ್ಲಿಂದ ಹನ್ನೆರಡು-ಹದಿಮೂರು ಕಿಲೋಮೀಟರು ಮುಂದಿನ ಇಳಕಲ್ಲಿನಲ್ಲಿ ಇಳಿದೆ. ಹೈದರಾಬಾದ್ ಬಸ್ಸಿಗೆ ಸಂಜೆಯವರೆಗೆ ಹೊತ್ತಿತ್ತು. ಸೀರೆ ನೇಯುವ ನನ್ನ ಚಿಗವ್ವನ ಮನೆ ಅಲ್ಲೇ. ಕಾಣದೆ ಹೋದರೆ ಅವಳು ಸುಮ್ಮನಿರುವವಳಲ್ಲ.

ರೊಟ್ಟಿ, ಪುಂಡಿಪಲ್ಯ ಬಡಿಸುತ್ತ, ಇಷ್ಟು ವರ್ಷ ಅದೇನು ಮಾಡಿದೆ ಎಂದು ಕೇಳಿದಳು. ಪಾಠ ಹೇಳುವ ಚಟ ನನಗೆ. ಡಬ್ಬಿ ತೆರೆದು, "ಇದು ನಾ ನೇಯ್ದ ಅರಿವಿ, ಚಿಗವ್ವ. ಒಂದ ಎಳಿ ದಪ್ಪ. ಕಣ್ಣಿಗೆ ಕಾಣೂದಿಲ್ಲ" ಎಂದೆ. ಮುಟ್ಟಬೇಡ ಎಂದು ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಜಳಕ ಮುಗಿಸಿ ಬಂದಾಗ ಬಿಲ್ಲೆ ದೇವರ ಜಗಲಿಯ ಮೇಲಿತ್ತು. ಮೂರು ಬೆರಳಿಗೆ ಜಾಗ ಸಾಲದ್ದರಿಂದ ಒಂದೇ ಬೆರಳಿನಿಂದ ಅದರ ಮೇಲೆ ವಿಭೂತಿ ಎಳೆದಿದ್ದಳು.

"ಮಗ್ಗದಿಂದ ಇಳದದ್ದನ್ನ ಹಂಗ ಹೊರಗ ಕಳಸಬಾರದವ್ವಾ" ಎಂದಳು. "ನಿಂದು ಮೊದಲನೇದು ಬ್ಯಾರೆ. ಛಲೋತ್ನ್ಯಾಗ ಒತ್ತಿ ಹಚ್ಚೇನಿ."

ಆ ಮನೆಯಲ್ಲಿ ಯಾವ ಸೀರೆಯೂ ವಿಭೂತಿ ತಾಗದೆ ಹೊಸ್ತಿಲು ದಾಟಿದ್ದಿಲ್ಲ. ಚಿಕ್ಕಂದಿನಿಂದ ಕಂಡದ್ದೇ, ಮರೆತವಳು ನಾನು. ಉಜ್ಜಿದ ಬೆರಳಿನಡಿ ಪದರ ಹರಿದುಹೋಗಿತ್ತು. ತೊಳೆದರೆ ಮರಳಿ ಬರುವಂಥದ್ದಲ್ಲ, ಮತ್ತೊಂದು ಮಾಡಲು ದಿನಗಳೂ ಇರಲಿಲ್ಲ. ಅವಳ ಮುಖ ನೋಡಿ, "ಛಲೋ ಆತು, ಚಿಗವ್ವ" ಎಂದೆ.

ಬೇಡವೆಂದರೂ ಬಸ್ ನಿಲ್ದಾಣದವರೆಗೆ ಬಂದಳು. ವಿಧಿಯಿಲ್ಲದೆ ಹೈದರಾಬಾದ್ ಬಸ್ಸನ್ನೇ ಹತ್ತಿದೆ. ಊರಾಚೆಯ ಮೊದಲ ನಿಲುಗಡೆಯಲ್ಲಿ ಇಳಿಯುವಾಗ ಕಂಡಕ್ಟರ್, ಏನಾದರೂ ಮರೆತಿರಾ ಎಂದು ಕೇಳಿದ. ಹೌದೆಂದೆ. ರಸ್ತೆ ದಾಟಿ, ಜಾಲಿಗಿಡದ ಮಗ್ಗುಲಿಗೆ ನಿಂತು ಬಾಗಲಕೋಟೆ ಬಸ್ಸು ಬರುವವರೆಗೂ ಅತ್ತೆ.

ಆ ಬಸ್ಸು ಇಳಕಲ್ ನಿಲ್ದಾಣದೊಳಗೇ ಹೊಕ್ಕಿತು. ಚಿಗವ್ವ ಇನ್ನೂ ಅಲ್ಲೇ ಇದ್ದಳು. ಗುರುತಿನ ಹೆಂಗಸೊಬ್ಬಳಿಗೆ ನಾನು ಹೋದ ದಿಕ್ಕನ್ನು ಕೈ ಚಾಚಿ ತೋರಿಸುತ್ತಿದ್ದಳು. ನಾನು ಕಿಟಕಿಯ ಕೆಳಗೆ ತಲೆ ಬಗ್ಗಿಸಿ ಕೂತೆ.